‘ಇವನ ಅಪ್ಪನೂ ಹೀಗೇ ಇದ್ದ’: ಎಡಿಎಚ್‌ಡಿಯಲ್ಲಿ ವಂಶದ ಪಾಲು ಎಷ್ಟು?



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಎಂಥ ಅರ್ಜಿಗಳು ಬರುತ್ತವೆ ಎಂಬುದು ನಿಮಗೆಲ್ಲ ತಿಳಿದೇ ಇದೆ. ಹೃದಯದ ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಕ್ಯಾನ್ಸರ್, ಅಪಘಾತದಲ್ಲಿ ಮುರಿದ ಕಾಲು. ಅರ್ಜಿಯ ಜೊತೆಗೆ ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರ, ಎಕ್ಸ್‌ರೇ, ರಿಪೋರ್ಟು ಇರುತ್ತವೆ. ನೋಡಿದವರಿಗೆ ಕಷ್ಟ ಏನೆಂದು ತಕ್ಷಣ ಅರ್ಥವಾಗುತ್ತದೆ, ದಾನಿಗಳ ಕೈಯೂ ಮುಂದಾಗುತ್ತದೆ.

ಈ ಬಾರಿಯ ಮನವಿಯಲ್ಲಿ ಅಂಥ ಯಾವ ಕಾಗದವೂ ಇಲ್ಲದ ಒಂದು ಬಗೆಯ ಅರ್ಜಿಗಳು ಸೇರಿವೆ. ಮಗು ಆರೋಗ್ಯವಾಗಿದೆ, ಊಟ ಮಾಡುತ್ತದೆ, ಓಡಾಡುತ್ತದೆ. ಆದರೆ ಶಾಲೆಯಲ್ಲಿ ಒಂದು ಕಡೆ ಕೂರಲಾರದು, ಹೇಳಿದ್ದು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯದು, ಕ್ಯಾಲೆಂಡರಿನಲ್ಲಿ ಟೀಚರ ಕೆಂಪು ಶಾಯಿಯ ಬರಹ ತಪ್ಪುವುದಿಲ್ಲ. ಉಪಸಮಿತಿಯ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ನೇರವಾಗಿಯೇ ಕೇಳಿದರು: “ಡಾಕ್ಟ್ರೇ, ಹುಡುಗ ತುಂಟ. ಬೆಳೆದ ಮೇಲೆ ಸರಿಹೋಗ್ತಾನೆ. ಇದಕ್ಕೆ ಸಂಘದ ಹಣ ಯಾಕೆ?”

ಕೇಳಬೇಕಾದ ಪ್ರಶ್ನೆಯೇ ಅದು. ದಾನಿಗಳು ಕೊಟ್ಟ ಪ್ರತಿಯೊಂದು ರೂಪಾಯಿಗೂ ಸಂಘ ಲೆಕ್ಕ ಹೇಳಬೇಕು. ಕಾಂದಿವಲಿಯಲ್ಲಿ ಮಕ್ಕಳ ವೈದ್ಯನಾಗಿ ಕೆಲಸ ಮಾಡುತ್ತ, ನಿಧಿಯ ಅರ್ಜಿಗಳನ್ನು ನೋಡಿ ಸಲಹೆ ಕೊಡುವವನಾಗಿ, ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಉತ್ತರದ ಬಹುಪಾಲು ‘ವಂಶವಾಹಿ’ ಎಂಬ ಒಂದು ಮಾತಿನಲ್ಲಿ ಅಡಗಿದೆ. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತುಂಟತನ ಯಾವುದು, ತೊಂದರೆ ಯಾವುದು?

ಎಡಿಎಚ್‌ಡಿ ಎಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ಸಮಸ್ಯೆ. ಮಕ್ಕಳೆಂದ ಮೇಲೆ ತುಂಟತನ ಇದ್ದೇ ಇರುತ್ತದೆ. ತುಂಟ ಮಗುವನ್ನೆಲ್ಲ ರೋಗಿ ಎನ್ನಲು ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಗಮನದ ಕೊರತೆಗೆ ಒಂಬತ್ತು, ಅತಿ ಚಟುವಟಿಕೆ ಮತ್ತು ದುಡುಕಿಗೆ ಒಂಬತ್ತು ಲಕ್ಷಣಗಳ ಪಟ್ಟಿ ಇದೆ. ಎರಡರಲ್ಲಿ ಒಂದು ಪಟ್ಟಿಯಿಂದಾದರೂ ಕನಿಷ್ಠ ಆರು ಲಕ್ಷಣಗಳು ಆರು ತಿಂಗಳು ಬಿಡದೆ ಇರಬೇಕು. 12 ವರ್ಷ ತುಂಬುವ ಮೊದಲೇ ಕೆಲವಾದರೂ ಕಾಣಿಸಿಕೊಂಡಿರಬೇಕು. ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಇದ್ದರೆ ಸಾಲದು, ಎರಡು ಕಡೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದರಿಂದ ಮಗುವಿನ ಓದು, ಗೆಳೆತನ, ದಿನನಿತ್ಯದ ಬದುಕು ಕೆಡುತ್ತಿರಬೇಕು. 2013ರಿಂದ ಬಳಕೆಯಲ್ಲಿರುವ ಅಳತೆಗೋಲು ಇದು.

ಇನ್ನೊಂದು ಮಾತು. ಓಡುವ, ಹಾರುವ, ಬೆಂಚು ಹತ್ತುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತಿರುವ, ಪೆನ್ಸಿಲ್, ಡಬ್ಬಿ, ನೋಟ್‌ಬುಕ್ ದಿನಾ ಕಳೆದುಕೊಳ್ಳುವ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳಿಗೂ ಇದೇ ತೊಂದರೆ ಇರಬಹುದು. ಅವಳಿಗೆ ಮನೆಯಲ್ಲಿ ಸಿಗುವ ಹೆಸರು ‘ದಡ್ಡಿ’.

ಇದು ಮೊಬೈಲ್ ತಂದ ರೋಗ ಎಂದು ಹೇಳುವವರಿದ್ದಾರೆ. ಆದರೆ ಗಮನ ನಿಲ್ಲದ ಇಂಥ ಸ್ಥಿತಿಯನ್ನು ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರಿಕ್ಟನ್ 1798ರಲ್ಲೇ ಬರೆದಿಟ್ಟಿದ್ದಾರೆ. ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ಲಂಡನ್ನಿನ ವೈದ್ಯರ ಮುಂದೆ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಮಾಡಿದರು. ಮಾತ್ರೆಯಿಂದ ಇಂಥ ಮಕ್ಕಳ ನಡತೆ, ಓದು ಸುಧಾರಿಸಿದ್ದನ್ನು ಅಮೆರಿಕದ ಚಾರ್ಲ್ಸ್ ಬ್ರ್ಯಾಡ್ಲಿ 1937ರಲ್ಲಿ ವರದಿ ಮಾಡಿದರು. ಆಗ ಮೊಬೈಲ್ ಇರಲಿ, ಮನೆಗಳಲ್ಲಿ ಟಿವಿಯೂ ಇರಲಿಲ್ಲ.

ಎಷ್ಟು ಮಕ್ಕಳಿಗೆ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ಲೆಕ್ಕದಂತೆ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 5ರಷ್ಟು ಜನರಿಗೆ ಇದು ಇದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಎಂದಾಯಿತು. ನಮ್ಮ ನಾಡಿನದೇ ಒಂದು ಲೆಕ್ಕವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 16 ವರ್ಷದೊಳಗಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆ ಇದ್ದ ಮಕ್ಕಳು ಶೇ. 12.5. ಎಡಿಎಚ್‌ಡಿ ಅದರೊಳಗಿನ ಒಂದು ಪಾಲು.

ಅಜ್ಜಿ ಹೇಳುವ ಮಾತು

ಇಂಥ ಮಗುವನ್ನು ಕರೆದುಕೊಂಡು ಬರುವ ಕುಟುಂಬದಲ್ಲಿ ನಾನು ಸಾಮಾನ್ಯವಾಗಿ ಎರಡು ಮಾತು ಕೇಳುತ್ತೇನೆ. ಮೊದಲನೆಯದನ್ನು ತಾಯಿ ತಗ್ಗಿದ ದನಿಯಲ್ಲಿ ಹೇಳುತ್ತಾಳೆ: “ಎಲ್ಲರೂ ನನ್ನನ್ನೇ ಅನ್ನುತ್ತಾರೆ ಡಾಕ್ಟ್ರೇ. ನಾನು ಸರಿಯಾಗಿ ಬೆಳೆಸಲಿಲ್ಲವಂತೆ.” ಎರಡನೆಯದು ಜೊತೆಯಲ್ಲಿ ಬಂದ ಅಜ್ಜಿಯದು: “ಇವನ ಅಪ್ಪನೂ ಹೀಗೇ ಇದ್ದ. ಒಂದು ಗಳಿಗೆ ಕೂತವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೊಂಬಾಯಿ ಬಸ್ಸು ಹತ್ತಿದ.”

ಈ ಎರಡೂ ಮಾತು ಒಂದೇ ಮನೆಯಲ್ಲಿ ಇರುತ್ತವೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಕಡಿಮೆ. ಅಪ್ಪನೂ ಹೀಗೇ ಇದ್ದ ಎಂದ ಮೇಲೆ, ಅವನು ಹುಡುಗನಾಗಿದ್ದಾಗ ಈ ಸೊಸೆ ಆ ಮನೆಯಲ್ಲಿ ಇರಲೇ ಇಲ್ಲವಲ್ಲ! ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ತಂದೆಗೂ ಮಗನಿಗೂ ಅದು ಅಷ್ಟೇ ಅನ್ವಯಿಸುತ್ತದೆ. ಅಜ್ಜಿ ಗುರುತಿಸಿದ್ದನ್ನೇ ವಿಜ್ಞಾನಿಗಳು ಐವತ್ತು ವರ್ಷಗಳಿಂದ ಬೇರೆ ಬೇರೆ ದಾರಿಯಲ್ಲಿ ಪರೀಕ್ಷಿಸಿ ನೋಡಿದ್ದಾರೆ.

ಮೊದಲ ದಾರಿ ಅವಳಿ ಮಕ್ಕಳದು. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ವಂಶವಾಹಿಗಳು, ಅಂದರೆ ಜೀನ್‌ಗಳು, ಹೆಚ್ಚುಕಮ್ಮಿ ಪೂರ್ತಿ ಒಂದೇ. ಬೇರೆ ಬೇರೆ ಅಂಡದಿಂದ ಹುಟ್ಟಿದ ಅವಳಿಗಳು ಉಳಿದ ಅಣ್ಣತಮ್ಮಂದಿರಂತೆಯೇ, ಸರಾಸರಿ ಅರ್ಧ ಪಾಲು ಮಾತ್ರ ಹಂಚಿಕೊಂಡವರು. ಎರಡೂ ಬಗೆಯ ಅವಳಿಗಳು ಒಂದೇ ಮನೆಯಲ್ಲಿ, ಒಂದೇ ತಾಯಿಯ ಕೈಯಲ್ಲಿ, ಒಂದೇ ಕಾಲದಲ್ಲಿ ಬೆಳೆಯುತ್ತವೆ. ಎಡಿಎಚ್‌ಡಿ ಬರೀ ಬೆಳೆಸುವ ರೀತಿಯಿಂದ ಬರುವುದಾದರೆ ಎರಡು ಬಗೆಯ ಜೋಡಿಗಳಲ್ಲೂ ಹೋಲಿಕೆ ಒಂದೇ ಮಟ್ಟದಲ್ಲಿ ಇರಬೇಕಿತ್ತು. ಹಾಗಿಲ್ಲ. ತದ್ರೂಪಿ ಅವಳಿಗಳಲ್ಲಿ ಒಂದಕ್ಕೆ ಇದ್ದರೆ ಇನ್ನೊಂದಕ್ಕೂ ಇರುವ ಸಂಭವ ಬಹಳ ಹೆಚ್ಚು.

ಎರಡನೆಯ ದಾರಿ ದತ್ತು ಮಕ್ಕಳದು. ದತ್ತು ಹೋದ ಮಗುವಿಗೆ ಎಡಿಎಚ್‌ಡಿ ಇದ್ದರೆ, ಅದನ್ನು ಸಾಕಿದ ತಂದೆತಾಯಿಗಿಂತ ಹೆತ್ತ ತಂದೆತಾಯಿಯ ಕಡೆಯಲ್ಲಿ ಆ ಲಕ್ಷಣಗಳು ಹೆಚ್ಚಾಗಿ ಕಂಡುಬಂದಿವೆ.

ಮೂರನೆಯದು ಇಡೀ ದೇಶದ ದಾಖಲೆಗಳನ್ನು ಜಾಲಾಡುವುದು. ಸ್ವೀಡನ್ನಿನಲ್ಲಿ ಹಾಗೆ ನೋಡಿದಾಗ, ಎಡಿಎಚ್‌ಡಿ ಇರುವ ಮಗುವಿನ ಒಡಹುಟ್ಟಿದವರಲ್ಲಿ ಅದು ಬೇರೆಯವರಿಗಿಂತ ಸುಮಾರು ಎಂಟು ಪಟ್ಟು ಹೆಚ್ಚು ಇತ್ತು. ತಂದೆ ಅಥವಾ ತಾಯಿ ಒಬ್ಬರು ಮಾತ್ರ ಒಂದೇ ಆಗಿರುವ ಮಕ್ಕಳಲ್ಲಿ ಎರಡರಿಂದ ಮೂರು ಪಟ್ಟು. ದೊಡ್ಡಪ್ಪ ಚಿಕ್ಕಪ್ಪ, ಅತ್ತೆ ಮಾವಂದಿರ ಮಕ್ಕಳಲ್ಲಿ ಸುಮಾರು ಎರಡು ಪಟ್ಟು. ರಕ್ತಸಂಬಂಧ ದೂರವಾದಂತೆ ಸಂಭವವೂ ಇಳಿಯುತ್ತ ಹೋಗುತ್ತದೆ.

ಶೇ. 74 ಎಂದರೆ ಏನು?

ಅವಳಿಗಳ ಮೇಲೆ ನಡೆದ 37 ಅಧ್ಯಯನಗಳನ್ನು ಸೇರಿಸಿ 2019ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಎಡಿಎಚ್‌ಡಿಯಲ್ಲಿ ವಂಶದ ಪಾಲು ಸರಾಸರಿ ಶೇ. 74 ಎಂದು ಹೇಳುತ್ತದೆ. ಈ ಅಂಕಿಯನ್ನು ತಪ್ಪಾಗಿ ತಿಳಿಯುವವರೇ ಹೆಚ್ಚು. ಅಪ್ಪನಿಗಿದ್ದರೆ ಮಗನಿಗೆ ಬರುವ ಸಂಭವ ಶೇ. 74 ಎಂದು ಇದರ ಅರ್ಥವಾಗುವುದಿಲ್ಲ. ಒಂದು ಮಗುವಿನ ಚಂಚಲತೆಯಲ್ಲಿ ಮುಕ್ಕಾಲು ಭಾಗ ಜೀನ್, ಕಾಲು ಭಾಗ ಮನೆ ಎಂದು ಪಾಲು ಮಾಡುವುದೂ ಸರಿಯಲ್ಲ. ಒಂದು ಸಮಾಜದ ಮಕ್ಕಳಲ್ಲಿ ಗಮನ, ಚಟುವಟಿಕೆ ಒಬ್ಬರಿಂದೊಬ್ಬರಿಗೆ ಬೇರೆಯಾಗಿರುತ್ತದಲ್ಲ, ಆ ವ್ಯತ್ಯಾಸದ ಮುಕ್ಕಾಲು ಪಾಲಿಗೆ ಅವರ ವಂಶವಾಹಿಗಳ ವ್ಯತ್ಯಾಸ ಕಾರಣ ಎಂದಷ್ಟೇ ತಿಳಿಯಬೇಕು. ಎತ್ತರದ ವಿಷಯದಲ್ಲಿಯೂ ಹೀಗೆಯೇ. ಎತ್ತರದ ತಂದೆತಾಯಿಗೆ ಸಾಮಾನ್ಯವಾಗಿ ಎತ್ತರದ ಮಕ್ಕಳು ಹುಟ್ಟುತ್ತಾರೆ, ಆದರೆ ಪ್ರತಿ ಮನೆಯಲ್ಲೂ ಒಂದಿಬ್ಬರು ಗಿಡ್ಡ ಇರುತ್ತಾರೆ. ಅಪ್ಪನಿಗೆ ಎಡಿಎಚ್‌ಡಿ ಇದ್ದೂ ಮೂವರು ಮಕ್ಕಳಲ್ಲಿ ಒಬ್ಬರಿಗೂ ಇಲ್ಲದಿರಬಹುದು. ಮನೆಯಲ್ಲಿ ಯಾರಿಗೂ ಇಲ್ಲದೆ ಒಂದು ಮಗುವಿಗೆ ಕಾಣಿಸಿಕೊಳ್ಳಲೂಬಹುದು.

ಹನಿ ಹನಿ ಕೂಡಿದರೆ ಹಳ್ಳ

ಹಾಗಾದರೆ ‘ಎಡಿಎಚ್‌ಡಿ ಜೀನ್’ ಎಂಬುದು ಎಲ್ಲಿದೆ? ಅಂಥದ್ದೊಂದು ಇಲ್ಲ. ಥಲಸ್ಸೀಮಿಯಾದಂಥ ರೋಗದಲ್ಲಿ ಒಂದೇ ಜೀನಿನ ದೋಷ ರೋಗ ತರುತ್ತದೆ. ಎಡಿಎಚ್‌ಡಿ ಆ ಬಗೆಯದಲ್ಲ.

1990ರ ದಶಕದಲ್ಲಿ ವಿಜ್ಞಾನಿಗಳು ಮಿದುಳಿನ ಡೋಪಮೈನ್ ಎಂಬ ರಾಸಾಯನಿಕದ ಕಡೆ ನೋಡಿದರು. ಗಮನವನ್ನು ಒಂದು ಕಡೆ ಹಿಡಿದಿಡಲು, ಈಗ ಕಷ್ಟಪಟ್ಟರೆ ಆಮೇಲೆ ಫಲವಿದೆ ಎಂಬ ಭಾವನೆ ಮೂಡಲು ಇದು ಬೇಕು. ಚಿಕಿತ್ಸೆಗೆ ಬಳಸುವ ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆಯೂ ನರಕೋಶಗಳ ನಡುವೆ ಡೋಪಮೈನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಆದ್ದರಿಂದ ಡೋಪಮೈನಿಗೆ ಸಂಬಂಧಿಸಿದ ಒಂದೆರಡು ಜೀನ್‌ಗಳಲ್ಲೇ ಉತ್ತರ ಸಿಗಬಹುದು ಎಂಬ ಆಸೆ ಹುಟ್ಟಿತು. ಸಿಕ್ಕ ಸುಳಿವುಗಳು ಮಾತ್ರ ಬಹಳ ಚಿಕ್ಕವಾಗಿದ್ದವು.

ಆಮೇಲೆ ಇಡೀ ಜೀನ್ ಸಮೂಹವನ್ನೇ ಜಾಲಾಡುವ ತಂತ್ರ ಬಂತು. ಡೆನ್ಮಾರ್ಕ್ ದೇಶದಲ್ಲಿ ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು, ಕಾಗದದ ಮೇಲೆ ಒಣಗಿಸಿ, ದಶಕಗಳಿಂದ ಜೋಪಾನ ಮಾಡಿಟ್ಟಿದ್ದಾರೆ. ಆ ಒಣ ರಕ್ತದ ಚುಕ್ಕೆಗಳೇ ಈ ಸಂಶೋಧನೆಗೆ ಆಧಾರವಾದವು. ಬೇರೆ ದೇಶಗಳ ಮಾಹಿತಿಯನ್ನೂ ಸೇರಿಸಿ 2019ರಲ್ಲಿ ಮೊದಲ ಬಾರಿಗೆ ಎಡಿಎಚ್‌ಡಿಗೆ ಸಂಬಂಧಿಸಿದ 12 ಜಾಗಗಳನ್ನು ಖಚಿತವಾಗಿ ಗುರುತಿಸಿದರು. 2023ರಲ್ಲಿ ಎಡಿಎಚ್‌ಡಿ ಇರುವ 38,691 ಜನರನ್ನೂ ಇಲ್ಲದ 1,86,843 ಜನರನ್ನೂ ಹೋಲಿಸಿದಾಗ ಆ ಸಂಖ್ಯೆ 27ಕ್ಕೆ ಏರಿತು. ಇದು ದಡದಲ್ಲಿ ಕಂಡದ್ದು ಮಾತ್ರ. ಸಂಭವವನ್ನು ಸ್ವಲ್ಪ ಸ್ವಲ್ಪ ಏರಿಸುವ ಇಂಥ ಸಾಮಾನ್ಯ ವ್ಯತ್ಯಾಸಗಳು ಒಟ್ಟು ಏಳು ಸಾವಿರದಷ್ಟಿರಬಹುದು ಎಂದು ಅದೇ ಅಧ್ಯಯನ ಅಂದಾಜು ಮಾಡಿದೆ.

ಒಂದೊಂದರ ಬಲ ತೀರ ಕಡಿಮೆ. ಅವು ನನ್ನಲ್ಲೂ ಇವೆ, ಇದನ್ನು ಓದುತ್ತಿರುವ ನಿಮ್ಮಲ್ಲೂ ಇವೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುವಂತೆ, ಯಾರ ಪಾಲಿಗೆ ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಹೆಚ್ಚು ಹನಿಗಳು ಬಂದು ಸೇರಿದವೋ ಅವರಲ್ಲಿ ತೊಂದರೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಆದ್ದರಿಂದ ‘ಇದು ನಿಮ್ಮ ಮನೆತನದಿಂದ ಬಂದದ್ದು’ ಎಂದು ಬೀಗರು ಬೀಗರ ನಡುವೆ ಬೆರಳು ತೋರಿಸುವುದಕ್ಕೆ ಇಲ್ಲಿ ಜಾಗವಿಲ್ಲ. ಎರಡು ಮನೆತನದ ಹನಿಗಳೂ ಆ ಹಳ್ಳದಲ್ಲಿವೆ.

ಈ ಅಧ್ಯಯನಗಳು ಬಹುಪಾಲು ಯುರೋಪ್ ಮೂಲದ ಜನರ ಮೇಲೆ ನಡೆದಿವೆ ಎಂಬುದನ್ನೂ ಹೇಳಬೇಕು. ನಮ್ಮ ಜನರಲ್ಲಿ ಇದೇ ಜಾಗಗಳು ಇಷ್ಟೇ ಬಲದಿಂದ ಕೆಲಸ ಮಾಡುತ್ತವೆ ಎಂದು ಹಾಗೆಯೇ ತಂದು ಅಂಟಿಸಲಾಗದು.

‘ಸಂಬಂಧದಲ್ಲೇ ಮದುವೆಯಾದದ್ದಕ್ಕೆ ಹೀಗಾಯಿತೇ?’

ನಮ್ಮವರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಕರ್ನಾಟಕದಲ್ಲಿ ಬಹಳ ಕಾಲದಿಂದ ಇದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರು ಆಸ್ಪತ್ರೆಗಳಲ್ಲಿ ಹೆರಿಗೆಗೆ ಬಂದವರ ಮಾಹಿತಿ ಕಲೆಹಾಕಿದಾಗ ಸುಮಾರು ಮೂರರಲ್ಲಿ ಒಂದು ಮದುವೆ ಹತ್ತಿರದ ಸಂಬಂಧದಲ್ಲೇ ಆಗಿತ್ತು.

ತಂದೆ ತಾಯಿ ಇಬ್ಬರಲ್ಲೂ ಅಡಗಿರುವ ಒಂದೇ ದೋಷದ ಜೀನ್ ಮಗುವಿನಲ್ಲಿ ಜೋಡಿಯಾಗಿ ಸೇರಿದಾಗ ಬರುವ ಕೆಲವು ರೋಗಗಳಿಗೆ ಹತ್ತಿರದ ಸಂಬಂಧ ದಾರಿ ಮಾಡಿಕೊಡುತ್ತದೆ, ಇದು ನಿಜ. ಆದರೆ ಎಡಿಎಚ್‌ಡಿ ಸಾವಿರಾರು ಸಣ್ಣ ಹನಿಗಳಿಂದಾಗುವ ಸ್ಥಿತಿ. ಸಂಬಂಧದ ಮದುವೆ ಅಪರೂಪವಾಗಿರುವ ಸ್ವೀಡನ್, ಡೆನ್ಮಾರ್ಕಿನಲ್ಲೂ ಅದು ಧಾರಾಳವಾಗಿ ಇದೆ. ಹತ್ತು ವರ್ಷದ ಹಿಂದೆ ಆದ ಮದುವೆಯನ್ನು ಈಗ ಕೆದಕುವುದರಿಂದ ಮಗುವಿಗೆ ಕಿಂಚಿತ್ತೂ ಪ್ರಯೋಜನವಿಲ್ಲ. ಮಗುವಿಗೆ ಎಡಿಎಚ್‌ಡಿಯ ಜೊತೆಗೆ ಬೆಳವಣಿಗೆಯ ಕುಂಠಿತ, ಅಪಸ್ಮಾರ, ಹುಟ್ಟಿನಿಂದ ಬಂದ ಹೃದಯದ ದೋಷ ಅಥವಾ ಚರ್ಮದ ಮೇಲೆ ವಿಶೇಷ ಮಚ್ಚೆಗಳಿದ್ದರೆ ಆ ಮಾತೇ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಮನೆಯ ಪಾಲು, ಹೊರಗಿನ ಪಾಲು

ವಂಶವಾಹಿ ಎಲ್ಲವೂ ಅಲ್ಲ. ತಿಂಗಳು ತುಂಬದೆ ಹುಟ್ಟಿದ, ಹುಟ್ಟುವಾಗ ತೂಕ ತೀರ ಕಡಿಮೆಯಿದ್ದ ಮಕ್ಕಳಲ್ಲಿ ಎಡಿಎಚ್‌ಡಿ ಹೆಚ್ಚು. ಸೀಸ ಎಂಬ ಲೋಹ ಮಕ್ಕಳ ಗಮನವನ್ನು ಕೆಡಿಸುತ್ತದೆ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಹಳೆಯ ಬಣ್ಣ ಮತ್ತು ಬ್ಯಾಟರಿ ಒಡೆಯುವ ಕೆಲಸದಲ್ಲಿ ಅದು ಇಂದಿಗೂ ಇದೆ.

ಸಕ್ಕರೆ, ಸಿಹಿ ತಿಂಡಿ ಕಾರಣವೆಂಬ ನಂಬಿಕೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಯಾರಿಗೆ ಸಕ್ಕರೆ ಕೊಟ್ಟಿದ್ದಾರೆ, ಯಾರಿಗೆ ಇಲ್ಲ ಎಂದು ಮಗುವಿಗೂ ತಾಯಿಗೂ ತಿಳಿಸದೆ ನೋಡಿದಾಗ ನಡತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆಯ ಗದ್ದಲ, ಹೊಡೆತ, ನಿದ್ರೆಗೇಡು, ಹಗಲೂ ರಾತ್ರಿ ಮೊಬೈಲ್ ಇವು ಇರುವ ತೊಂದರೆಯನ್ನು ದೊಡ್ಡದು ಮಾಡುತ್ತವೆ. ಅವನ್ನು ತಿದ್ದಿದರೆ ಮಗುವಿಗೆ ಅನುಕೂಲ ಆಗುತ್ತದೆ. ಆದರೆ ತೊಂದರೆಯ ಬೇರು ತಾಯಿಯ ಶಿಸ್ತಿನ ಕೊರತೆಯಲ್ಲಿದೆ ಎಂದು ಹೇಳಲು ಆಧಾರವಿಲ್ಲ. ಬೆಳಿಗ್ಗೆಯಿಂದ ಮೂರು ಮನೆ ಅಡುಗೆ ಮಾಡಿ, ಸಂಜೆ ಹೊಲಿಗೆ ಹೊಲಿದು ಮಗನ ಫೀಸು ಕಟ್ಟುವ ತಾಯಿಗೆ ಈ ಒಂದು ಮಾತನ್ನು ವೈದ್ಯರ ಬಾಯಿಂದ ಕೇಳಿಸಿದರೆ ಅದೇ ಅರ್ಧ ಚಿಕಿತ್ಸೆ.

ಜೀನ್ ಟೆಸ್ಟ್ ಮಾಡಿಸಬೇಕೇ?

ವಂಶದಿಂದ ಬರುತ್ತದೆ ಎಂದ ಕೂಡಲೇ ‘ರಕ್ತ ಪರೀಕ್ಷೆ ಮಾಡಿಸೋಣವೇ’ ಎಂಬ ಪ್ರಶ್ನೆ ಬರುತ್ತದೆ. ಎಂಜಲಿನ ಸ್ಯಾಂಪಲ್ ತೆಗೆದುಕೊಂಡು ಮಗುವಿನ ಬುದ್ಧಿ, ಗಮನ, ಪ್ರತಿಭೆ ಎಲ್ಲವನ್ನೂ ಹೇಳುತ್ತೇವೆ ಎನ್ನುವ ಜಾಹೀರಾತುಗಳೂ ಇವೆ. ದಯವಿಟ್ಟು ಅದಕ್ಕೆ ಸಾಲ ಮಾಡಬೇಡಿ. ಈವರೆಗೆ ಅಳೆಯಲು ಸಿಕ್ಕ ಸಾಮಾನ್ಯ ಜೀನ್ ವ್ಯತ್ಯಾಸಗಳನ್ನೆಲ್ಲ ಕೂಡಿಸಿದರೂ ಜನರ ನಡುವಿನ ವ್ಯತ್ಯಾಸದ ಶೇ. 14ರಷ್ಟು ಪಾಲನ್ನು ಮಾತ್ರ ವಿವರಿಸಬಹುದು ಎಂದು 2023ರ ಆ ದೊಡ್ಡ ಅಧ್ಯಯನವೇ ಹೇಳಿದೆ. ಒಂದು ಮಗುವಿಗೆ ಎಡಿಎಚ್‌ಡಿ ಇದೆಯೋ ಇಲ್ಲವೋ ಎಂದು ಹೇಳಿಬಿಡುವ ಜೀನ್ ಪರೀಕ್ಷೆ ಇಂದು ಎಲ್ಲಿಯೂ ಇಲ್ಲ. ತಲೆಯ ಸ್ಕ್ಯಾನ್ ಕೂಡ ಅದನ್ನು ಹೇಳುವುದಿಲ್ಲ. ತಂದೆತಾಯಿಯ ಮಾತು, ಟೀಚರ ವರದಿ, ಮಗುವಿನೊಂದಿಗೆ ಕೂತು ನೋಡುವುದು, ಕಣ್ಣು ಕಿವಿಯ ಪರೀಕ್ಷೆ, ಅಗತ್ಯವಿದ್ದರೆ ಬುದ್ಧಿಮಟ್ಟ ಮತ್ತು ಕಲಿಕೆಯ ಪರೀಕ್ಷೆ ಇವುಗಳಿಂದಲೇ ನಿರ್ಧಾರವಾಗಬೇಕು.

ಒಂದು ಅಪವಾದವಿದೆ. ಫ್ರಾಜೈಲ್ ಎಕ್ಸ್, ನ್ಯೂರೋಫೈಬ್ರೊಮಟೋಸಿಸ್, ಟ್ಯೂಬರಸ್ ಸ್ಕ್ಲೆರೋಸಿಸ್‌ನಂಥ ಅಪರೂಪದ ವಂಶವಾಹಿ ಕಾಯಿಲೆಗಳಲ್ಲಿ ಎಡಿಎಚ್‌ಡಿ ಒಂದು ಲಕ್ಷಣವಾಗಿ ಬರುತ್ತದೆ. ನಾನು ಮೇಲೆ ಹೇಳಿದ ಚಿಹ್ನೆಗಳಿದ್ದರೆ ವೈದ್ಯರೇ ಜೀನ್ ಪರೀಕ್ಷೆಗೆ ಬರೆದುಕೊಡುತ್ತಾರೆ. ಅಂಥ ಅರ್ಜಿ ಬಂದರೆ ನಮ್ಮ ಉಪಸಮಿತಿಯೂ ಅದನ್ನು ಬೇರೆಯಾಗಿಯೇ ನೋಡುತ್ತದೆ.

ವಂಶದ್ದಾದರೆ ಬದಲಾಗುವುದೇ?

‘ರಕ್ತದಲ್ಲೇ ಬಂದದ್ದು, ಇನ್ನೇನು ಮಾಡಲಾದೀತು’ ಎಂದು ಕೈಚೆಲ್ಲುವವರೂ ಇದ್ದಾರೆ. ದೂರದ್ದು ಕಾಣದ ಕಣ್ಣಿನ ದೋಷವೂ ಬಹಳಮಟ್ಟಿಗೆ ವಂಶದಿಂದಲೇ ಬರುತ್ತದೆ, ಕನ್ನಡಕ ಹಾಕಿದ ಮಗು ಬೋರ್ಡಿನ ಮೇಲಿರುವುದನ್ನು ಓದುತ್ತದೆ. ಅಮೆರಿಕದ ಸಂಶೋಧಕರು 2007ರಲ್ಲಿ ಪ್ರಕಟಿಸಿದಂತೆ, ಎಡಿಎಚ್‌ಡಿ ಇರುವ ಮಕ್ಕಳ ಮಿದುಳಿನ ಹೊರಪದರ ಬೇರೆ ಮಕ್ಕಳ ಹಾದಿಯಲ್ಲೇ ಬೆಳೆಯುತ್ತದೆ, ಆದರೆ ಸರಾಸರಿ ಮೂರು ವರ್ಷ ತಡವಾಗಿ. ಹಿರಿಯ ಸದಸ್ಯರು ‘ಬೆಳೆದ ಮೇಲೆ ಸರಿಹೋಗ್ತಾನೆ’ ಎಂದದ್ದರಲ್ಲಿ ಒಂದು ಪಾಲು ಸತ್ಯವಿದೆ. ಕೆಲವರಲ್ಲಿ ಲಕ್ಷಣಗಳು ಇಳಿಯುತ್ತವೆ, ಕೆಲವರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತವೆ. ಆದರೆ ಶಾಲೆ ಅಷ್ಟು ವರ್ಷ ಕಾಯುವುದಿಲ್ಲ. ಕಾಯುವ ಹೊತ್ತಿಗೆ ಮಗು ಎರಡು ಸಲ ಫೇಲಾಗಿ, ತಾನು ಕೆಲಸಕ್ಕೆ ಬಾರದವನು ಎಂದು ನಂಬಿಬಿಟ್ಟಿರುತ್ತದೆ.

ಚಿಕಿತ್ಸೆ ಮೂರು ಕಾಲಿನ ಮೇಲೆ ನಿಂತಿದೆ. ಮೊದಲನೆಯದು ತಂದೆತಾಯಿಗೆ ತರಬೇತಿ: ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮಾಡಿದ ತಕ್ಷಣ ಹೊಗಳುವುದು, ದಿನಚರಿ ಗೋಡೆಗೆ ಬರೆದು ಅಂಟಿಸುವುದು. ಆರು ವರ್ಷದೊಳಗಿನ ಮಕ್ಕಳಿಗೆ ಇದೇ ಮೊದಲ ಚಿಕಿತ್ಸೆ. ಎರಡನೆಯದು ಶಾಲೆ: ಮುಂದಿನ ಬೆಂಚು, ಹೋಮ್‌ವರ್ಕ್ ತುಂಡು ತುಂಡಾಗಿ, ನಡುವೆ ಎದ್ದು ಓಡಾಡಲು ಅವಕಾಶ. ಮೂರನೆಯದು, ಅಗತ್ಯವಿದ್ದ ಮಕ್ಕಳಿಗೆ, ಮೀಥೈಲ್‌ಫೆನಿಡೇಟ್ ಅಥವಾ ಅಟೊಮೊಕ್ಸೆಟಿನ್ ಮಾತ್ರೆ. ಹಸಿವು ಕಡಿಮೆಯಾಗುವುದು, ನಿದ್ರೆ ತಡವಾಗುವುದು ಮುಂತಾದ ಅಡ್ಡಪರಿಣಾಮಗಳಿರುವುದರಿಂದ ಎತ್ತರ, ತೂಕ, ರಕ್ತದೊತ್ತಡ ನೋಡುತ್ತಿರಬೇಕು. ವೈದ್ಯರ ಚೀಟಿಯಿಲ್ಲದೆ ಇದನ್ನು ಕೊಡುವಂತಿಲ್ಲ, ಎಲ್ಲ ಮೆಡಿಕಲ್‌ಗಳಲ್ಲಿ ಸಿಗುವುದೂ ಇಲ್ಲ.

ಅಪ್ಪನನ್ನೂ ನೋಡಬೇಕು

ವಂಶದ ಪಾಲು ಇಷ್ಟು ದೊಡ್ಡದಾದ್ದರಿಂದ ಒಂದು ಕಷ್ಟ ತಾನಾಗಿಯೇ ಹುಟ್ಟುತ್ತದೆ. ಅದನ್ನು ನಮ್ಮ ಸಂಘ ಮುಖ್ಯವಾಗಿ ಗಮನಿಸಬೇಕು. ಮಗುವಿಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡಬೇಕಾದ, ತಿಂಗಳು ತಿಂಗಳು ಆಸ್ಪತ್ರೆಗೆ ಕರೆದೊಯ್ಯಬೇಕಾದ, ಅರ್ಜಿಗೆ ಕಾಗದಪತ್ರ ಹೊಂದಿಸಬೇಕಾದ ತಂದೆಗೋ ತಾಯಿಗೋ ಅದೇ ತೊಂದರೆ ಇರಬಹುದು. ಅವರ ಬಾಲ್ಯದಲ್ಲಿ ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

ಹೋಟೆಲಿನಲ್ಲಿ ಬೆಳಗಿನ ರಶ್ಶಿನಲ್ಲಿ ಎಂಟು ಟೇಬಲಿನ ಆರ್ಡರ್ ತಲೆಯಲ್ಲಿಟ್ಟುಕೊಂಡು ಗಾಳಿಯಂತೆ ಓಡಾಡುವವರು, ಸಂಜೆ ಕೂತು ಒಂದು ಫಾರ್ಮು ತುಂಬಿಸಲಾರದೆ ಒದ್ದಾಡುವುದನ್ನು ನಾನು ನೋಡಿದ್ದೇನೆ. ಅವರು ಮೂರನೇ ಸಲವೂ ಆದಾಯದ ದಾಖಲೆ ಮರೆತು ಬಂದರೆ ‘ಇವರಿಗೆ ಮಗುವಿನ ಬಗ್ಗೆ ಕಾಳಜಿಯಿಲ್ಲ’ ಎಂದು ಅರ್ಜಿ ಬದಿಗಿಡುವುದು ಸುಲಭ. ಅದು ನ್ಯಾಯವಲ್ಲ. ಆದ್ದರಿಂದ ಉಪಸಮಿತಿಗೆ ನನ್ನ ಸಲಹೆ ಇಷ್ಟು: ಇಂಥ ಅರ್ಜಿಗಳಿಗೆ ಒಬ್ಬ ಸ್ವಯಂಸೇವಕರನ್ನು ಜೊತೆಗೆ ಕೊಡಿ. ಅವರು ಆಸ್ಪತ್ರೆಯ ದಿನದ ಹಿಂದಿನ ಸಂಜೆ ಒಂದು ಫೋನ್ ಮಾಡಲಿ, ಬೇಕಾದ ಕಾಗದಗಳನ್ನು ಒಂದು ಫೈಲಿನಲ್ಲಿ ಹಾಕಿಕೊಡಲಿ. ಅಪ್ಪ ಬಯಸಿದರೆ ಅವರಿಗೂ ಪರೀಕ್ಷೆ, ಚಿಕಿತ್ಸೆ ಸಾಧ್ಯ. ದೊಡ್ಡವರಲ್ಲೂ ಎಡಿಎಚ್‌ಡಿಯನ್ನು ಗುರುತಿಸಿ ಉಪಚರಿಸಬಹುದು. ತಮ್ಮಂದಿರು, ತಂಗಿಯರ ಮೇಲೂ ಒಂದು ಕಣ್ಣಿರಲಿ. ಒಡಹುಟ್ಟಿದವರಲ್ಲಿ ಸಂಭವ ಹೆಚ್ಚು ಎಂದು ಆಗಲೇ ಹೇಳಿದ್ದೇನೆ.

ಎಲ್ಲಿಗೆ ಹೋಗಬೇಕು, ಹಣ ಎಲ್ಲಿ ಬೇಕು?

ನಮ್ಮ ಭಾಗದವರಿಗೆ ಹತ್ತಿರದ್ದು ಕಾಂದಿವಲಿ ಪಶ್ಚಿಮದ ಡಾ. ಬಾಬಾಸಾಹೇಬ ಅಂಬೇಡ್ಕರ್ ಪಾಲಿಕೆ ಆಸ್ಪತ್ರೆ, ನಾವೆಲ್ಲ ಶತಾಬ್ದಿ ಎಂದು ಕರೆಯುವುದು. ಮೊದಲು ಅಲ್ಲಿ ಮಕ್ಕಳ ವಿಭಾಗದಲ್ಲಿ ಕೇಸ್ ಪೇಪರ್ ಮಾಡಿಸಿ ತೋರಿಸಿ. ಹೆಚ್ಚಿನ ಪರೀಕ್ಷೆಗೆ ಪಾಲಿಕೆಯ ದೊಡ್ಡ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಾದ ಕೆಇಎಂ, ನಾಯರ್, ಸಾಯನ್ ಇವೆ. ಸಾಯನ್ ಆಸ್ಪತ್ರೆಯ ಕಲಿಕಾ ತೊಂದರೆಯ ಕ್ಲಿನಿಕ್ ಹಳೆಯದು, ಹೆಸರಾದದ್ದು. ಎಡಿಎಚ್‌ಡಿ ಇರುವ ಹಲವು ಮಕ್ಕಳಿಗೆ ಕಲಿಕಾ ತೊಂದರೆಯೂ ಇರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಕಲಿಕಾ ತೊಂದರೆ ಸೇರಿದೆ, ಎಡಿಎಚ್‌ಡಿ ಪ್ರತ್ಯೇಕ ಹೆಸರಾಗಿ ಸೇರಿಲ್ಲ. ಆದ್ದರಿಂದ ಕಲಿಕಾ ತೊಂದರೆಯ ಪರೀಕ್ಷೆಯನ್ನೂ ಮಾಡಿಸಿ ಪ್ರಮಾಣಪತ್ರ ಪಡೆದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗೆ ದಾರಿಯಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳಲ್ಲಿ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ.

ಯಾರಲ್ಲೂ ಹೇಳಿಕೊಳ್ಳಲಾಗದೆ ಕುಗ್ಗಿದ ತಾಯಿ ತಂದೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಅದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ, ಕನ್ನಡದಲ್ಲೂ ಮಾತಾಡಬಹುದು.

ಪಾಲಿಕೆ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ ಎಂದ ಮೇಲೆ ಸಂಘದ ನೆರವು ಯಾಕೆ ಎಂದು ನೀವು ಕೇಳಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ವಿಮೆ ಕೊಡಬೇಕು. ಆದರೆ ಬಹುತೇಕ ಮೆಡಿಕ್ಲೇಮ್ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಎಡಿಎಚ್‌ಡಿ ಮಗು ದಾಖಲಾಗುವುದೇ ಇಲ್ಲ. ಅದರ ಖರ್ಚೆಲ್ಲ ಚಿಲ್ಲರೆ ಚಿಲ್ಲರೆಯಾಗಿ, ವರ್ಷಗಟ್ಟಲೆ: ತಿಂಗಳ ಮಾತ್ರೆ, ವಾರದ ಥೆರಪಿ, ವಿಶೇಷ ಶಿಕ್ಷಕಿಯ ಫೀಸು, ಕರೆದೊಯ್ಯಲು ರಜೆ ಹಾಕಿದ ದಿನದ ಸಂಬಳ ಕಡಿತ. ಹೃದಯದ ಶಸ್ತ್ರಚಿಕಿತ್ಸೆಗೆ ಒಂದೇ ಸಲ ದೊಡ್ಡ ಮೊತ್ತ ಕೊಡುವ ಟ್ರಸ್ಟುಗಳು ಮುಂಬಯಿಯಲ್ಲಿ ಇವೆ. ಇಂಥ ಸಣ್ಣ, ಮುಗಿಯದ ಖರ್ಚನ್ನು ನೋಡುವವರು ಕಡಿಮೆ. ಅರ್ಧಕ್ಕೆ ಚಿಕಿತ್ಸೆ ನಿಲ್ಲುವುದು ಅಲ್ಲೇ.

ನಮ್ಮ ಮನವಿ

ಹಿರಿಯ ಸದಸ್ಯರ ಪ್ರಶ್ನೆಗೆ ನನ್ನ ಉತ್ತರ ಇದು. ಈ ಮಗು ಬೇಕೆಂದು ಹಠ ಮಾಡುತ್ತಿಲ್ಲ. ಅದರ ತಾಯಿ ಶಿಸ್ತು ಕಲಿಸಲು ಮರೆತಿಲ್ಲ. ಅಪ್ಪನ ಬಣ್ಣ, ಅಮ್ಮನ ಮೂಗು ಬಂದಂತೆ ಈ ಚಂಚಲತೆಯೂ ಅದಕ್ಕೆ ಬಂದಿದೆ, ಅದು ಉಪಚಾರಕ್ಕೆ ಬಗ್ಗುತ್ತದೆ. ಅಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕಾಲದಲ್ಲಿ ಅವರಿಗೆ ಸಿಗದ ನೆರವು ಮಗನಿಗೆ ಸಿಗುವಂತೆ ಮಾಡುವುದು ನಮ್ಮ ಕೈಯಲ್ಲಿದೆ.

ಒಂದು ಮಗುವಿನ ಒಂದು ವರ್ಷದ ಮಾತ್ರೆ, ಥೆರಪಿ ಅಥವಾ ವಿಶೇಷ ಶಿಕ್ಷಕಿಯ ವೆಚ್ಚದಲ್ಲಿ ಯಾವುದಾದರೊಂದನ್ನು ವಹಿಸಿಕೊಳ್ಳಲು ಇಚ್ಛಿಸುವ ದಾನಿಗಳು ಸಂಘದ ಕಚೇರಿಯಲ್ಲಿ ಉಪಸಮಿತಿಯನ್ನು ಕಾಣಬೇಕಾಗಿ ವಿನಂತಿ. ಹಣ ಕೊಡಲಾಗದವರು ತಿಂಗಳಿಗೊಂದು ದಿನ ಒಂದು ಕುಟುಂಬದ ಜೊತೆ ಆಸ್ಪತ್ರೆಗೆ ಹೋಗಿಬಂದರೂ ದೊಡ್ಡ ಉಪಕಾರವೇ. ನೆರವು ಪಡೆಯುವ ಮಕ್ಕಳ ಹೆಸರು, ಫೋಟೋ ಈ ಪತ್ರಿಕೆಯಲ್ಲಿ ಪ್ರಕಟವಾಗುವುದಿಲ್ಲ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಗುವಿದ್ದರೆ ಸಂಕೋಚಪಡದೆ ತಿಳಿಸಿ. ಬರುವಾಗ ಅಜ್ಜಿಯನ್ನೂ ಕರೆದುಕೊಂಡು ಬನ್ನಿ, ಮನೆತನದ ಚರಿತ್ರೆ ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.


ವೈದ್ಯಕೀಯ ನೆರವು ಉಪಸಮಿತಿಯ ಪರವಾಗಿ, ಸಲಹಾ ವೈದ್ಯ